ಬೆಲ್ಲದ ಗ್ವಾಡಿ

ಐತವಾರ ಪುಕ್ಕಟೆ ಅಂತ ಹೇಳಿದ್ದು ಸಾವಂತ್ರಿ,
ನನ್ನ ತಂಗಿ ಮಗಳು, ಬೋರ್ಡ ಓದೂ ಹುಡುಗಿ.
ಪಣಜಿ ಪ್ಯಾಟಿ ನಡುವ, ಮಾಂಡವಿ ಹೊಳಿಗೆ ಮಾರಿ ಮಾಡಿ
ಕುಂತೈತಿ ಆ ಹಳೇ ಅರಮನಿ.
"ಕಟ್ಟಿಸಿದಾಂವ ಆದಿಲಶಾಹಿ, ನಮ್ಮ ವಿಜಾಪುರದಾಂವ,
ಅಂದ್ರ ನಮ್ಮ ಬೀಗರ ಪೈಕಿನ" ಅಂತ
ಕೆಲಸಕ್ಕ ಬಂದ ಮೊದಲನೇ ದಿನ
ಗವಂಡಿ ಮೌಲಾಸಾಬ ನಗಿಸಿದ್ದ.
ಎರಡ ಮಳಿಗಾಲದ ನಡುವ ಏಳ ತಿಂಗಳು
ಈ ಪಾವಟಿಗಿ ಏರೀನಿ, ತೆಲಿ ಮ್ಯಾಲ ಬುಟ್ಟಿ ಇಟಗೊಂಡು.
ಬರೇ ತೆಲಿ ಹೊತ್ತು ಏರಿದ್ದು ಇವತ್ತ ಮೊದಲು.
ಕುತ್ತಿಗಿಗೆ ಏನೋ ಕಳಕೊಂಡಂಗ ಆತು.

ಬಾಗಲದಾಗ ಚಪ್ಲಿ ಬಿಟ್ಟೆ.
"ಹಾಕ್ಕೋ ಅವ್ವಾ, ಇದು ಗುಡಿ ಅಲ್ಲ" ಅಂದ
ಕಾವಲಗಾರ ಪುಂಡಲೀಕ ಗಾವಸ, ಕೊಂಕಣ್ಯಾಗ.
ಹೌದಪ್ಪಾ, ಗುಡಿ ಅಲ್ಲಂತ ನನಗೂ ಗೊತ್ತು.
ಒರಸೋರು ಯಾರಂತ, ಅದೂ ಗೊತ್ತು.

ಮೊದಲನೇ ಖೋಲ್ಯಾಗ ಒಬ್ಬ ಮೀಸಿ ಸಾಹೇಬ,
ಎದಿ ತುಂಬ ಬಿಲ್ಲೆ, ಎರಡೂ ಕೈ ಬೆನ್ನ ಹಿಂದ.
ಏನ ಬಚ್ಚಿಟ್ಟಾನ ಹಿಂದ, ಅಂದೆ.
"ಸುಮ್ಮನಿರ ದೊಡ್ಡವ್ವಾ."

ಎರಡನೇದರಾಗ ಮೀನ, ಮೀನ ಮಾರೋ ಹೆಂಗಸರು, ಒಂದ ಗೇರ ಗಿಡ.
ಬಣ್ಣ ಭಾಳ, ನೆರಳ ಕಡಿಮಿ.
ನನ್ನ ಕಣ್ಣು ಚೌಕಟ್ಟು ದಾಟಿ ದಾಟಿ ಜಾರತಿತ್ತು:
ಇಲ್ಲಿ ಖಿಡಕಿ ಬಾಜೂಕ ಗ್ವಾಡಿ ಉಬ್ಬಿತ್ತು, ಕೆತ್ತಿ ತಗದ್ವಿ.
ಇಲ್ಲಿ ಫಾತಿಮಾಗ ಚೇಳ ಕಡೀತು.
ಇಲ್ಲಿ ಊಟಕ್ಕ ಕುಂದರತಿದ್ವಿ,
ರೊಟ್ಟಿ ಮ್ಯಾಲ ಸುಣ್ಣದ ಧೂಳ ಬೀಳತಿತ್ತು,
ಉಪ್ಪಂತ ತಿಳದು ತಿಂದ್ವಿ.

ಮೂರನೇ ಖೋಲ್ಯಾಗ ಬರೇ ಬಿಳಿ.
ಆಳೆತ್ತರದ ಪಟ, ಬಿಳಿ ಮ್ಯಾಲ ಬಿಳಿ.
ಬಂದವರು ನೋಡತಿದ್ರು, ತೆಲಿ ಕೆರಕೊಂಡು ಹೋಗತಿದ್ರು.
ಒಬ್ಬ ಹುಡುಗ "ಇದನ್ನ ನಾನೂ ಮಾಡತೀನಿ" ಅಂದ.
ಮಾಡಲಿ, ನೋಡೂಣು.
ನಾ ನಿಂತೆ.
ಮೂರ ಕೈ ಬಳದಾನ ಇಂವ.
ಮೊದಲನೇದು ಅಡ್ಡ, ಎರಡನೇದು ಉದ್ದ,
ಮೂರನೇದು ಎತ್ತಾಗ ಹೊಂಟತಿ ಅಂತ ಅವಗೂ ಗೊತ್ತಿಲ್ಲ.
ಎಡಕಿನ ಮೂಲ್ಯಾಗ ಕೈ ತಡದೈತಿ.
ಯಾರೋ ಕರದಿರಬೇಕು, ಇಲ್ಲಾ ಚಾ ಬಂದಿರಬೇಕು,
ಮತ್ತ ಹಚ್ಚೂದರಾಗ ಅಂಚು ಒಣಗಿಬಿಟ್ಟೈತಿ.
ಕೂಡಸಾಕ ನೋಡ್ಯಾನ, ಕೂಡಿಲ್ಲ.
ಆ ಸಂಕಟ ನನಗ ಗೊತ್ತು.
ಗುತ್ತೇದಾರ ಮಿಂಗೇಲ ಇದ್ದಿದ್ರ ಅರ್ಧ ಪಗಾರ ಮುರೀತಿದ್ದ.
ಇಲ್ಲಿ ಅದಕ್ಕ ದೀಪ ಹಚ್ಚ್ಯಾರ.

ಹೆಸರೇನಂತ ಓದ, ಅಂದೆ.
"ಹೆಸರಿಲ್ಲ ಅಂತ ಬರದಾರ" ಅಂದ್ಲು ಸಾವಂತ್ರಿ.
ಪಾಪ, ಹಡದು ಹಂಗ ಬಿಟ್ಟಾನ.

ಆಗ ಕಂಡ್ತು.
ಪಟದ ಬುಡದಾಗ ಒಂದ ಇರಬಿ ಸಾಲು,
ಕೂದಲೆಳಿಯಷ್ಟ ಸಣ್ಣ, ಕೆಂಪ,
ಗ್ವಾಡಿ ಬಿರುಕಿನ್ಯಾಗ ಹೋಗೋದು, ಬರೋದು.
ಪುಂಡಲೀಕ ತೆಲಿ ಹಿಡಕೊಂಡ:
"ಮೂರ ಸಲ ಔಷಧ ಹೊಡದ್ವಿ,
ಎಲ್ಲಿಂದ ಬರತಾವೋ ದೇವರಿಗೇ ಗೊತ್ತು."

ದೇವರಿಗಷ್ಟ ಅಲ್ಲ.
ಇಪ್ಪತ್ತೊಂದ ದಿನ ಕೊಳಸಿದ ಸುಣ್ಣಕ್ಕ
ಅಳಲೆಕಾಯಿ ನೀರು, ಬೆಲ್ಲದ ನೀರು ಬೆರಸಿ ಅರದೀವಿ.
ಮಿಂಗೇಲ ಕೊಟ್ಟ ಬೆಲ್ಲ ಕರ್ರಗ, ಉಪ್ಪುಪ್ಪು,
ಅದೂ ಈ ಖೋಲಿಗೆ ಬರೂದರಾಗ ತೀರಿತ್ತು.
ಹೋಳಿ ಹುಣ್ಣಿವಿಗೆ ಅಂತ ಊರಿಂದ ತಂದಿದ್ದ ಪೆಂಟಿ
ನಾನ ಒಡದು ಹಾಕಿದ್ದೆ, ಯಾರಿಗೂ ಹೇಳದ.
ಯಾಕ ಅಂತ ಕೇಳಬ್ಯಾಡ್ರಿ.
ಗಚ್ಚು ಕೈಯಾಗ ಹದಾ ಬಂದಿತ್ತು, ಬಿಡಾಕ ಮನಸಾಗಲಿಲ್ಲ.
ಆ ವರ್ಷ ಮನ್ಯಾಗ ಹೋಳಿಗಿ ಇಲ್ಲ.
ಗಂಡ ಎರಡ ದಿನ ಮಾತಾಡಲಿಲ್ಲ.
ಗ್ವಾಡಿ ಉಂಡಿತ್ತು.

"ನನಗೇನ ಗೊತ್ತಪ್ಪಾ" ಅಂದೆ.
ಅಂದರೂ ಬೆರಳು ತಾನ ಮುಂದ ಹೋತು, ತಣ್ಣಗಿತ್ತು ಗಚ್ಚು.
"ಅವ್ವಾ! ಗ್ವಾಡಿ ಮುಟ್ಟಬ್ಯಾಡ."

ಎರಡೂ ಕೈ ಹಿಂದ ಕಟಗೊಂಡೆ,
ಮೊದಲನೇ ಖೋಲಿ ಸಾಹೇಬನಂಗ,
ನಾಕನೇ ಖೋಲಿಗೆ ನಡದೆ.
ಬೆನ್ನ ಹಿಂದ, ತೋರಬೆರಳಿನ ಗೆಣ್ಣ ಮ್ಯಾಲ,
ಒಂದ ಇರಬಿ ದಾರಿ ಹುಡುಕತಿತ್ತು.