ಉಲ್ಲೇಖ

ಬೆಳಗಿನ ಜಾವ ನಾಲ್ಕೂವರೆ. ಮೂರನೇ ಮಹಡಿಯ ಕಿಟಕಿಯಾಚೆ
ದುರ್ಗದ ಗುಡ್ಡಸಾಲಿನ ಗಾಳಿಯಂತ್ರಗಳ ಕೆಂಪು ದೀಪ
ಹೊತ್ತುತ್ತವೆ, ಆರುತ್ತವೆ, ಎಲ್ಲವೂ ಒಟ್ಟಿಗೆ.
ಅಲ್ಲಿ ಒಂದು ಕೆಟ್ಟರೂ ಯಾರೋ ಜೀಪು ತಂದು ನೋಡುತ್ತಾರಂತೆ.
ಇಲ್ಲಿ ನಲವತ್ತೊಂದು ಹಾಸಿಗೆ, ನೆಲದ ಮೇಲೆ ಆರು ಚಾಪೆ,
ನಾನು, ಮತ್ತೆ ಕೋರ್ಸು ಇನ್ನೂ ಮುಗಿಸದ ಮುಬೀನಾ.

ಇಪ್ಪತ್ತಮೂರರ ಇನ್ಸುಲಿನ್ನು
ಇಪ್ಪತ್ತಾರರ ತೋಳಿನ ತನಕ ಹೋಗಿತ್ತು.
ಸ್ಪಿರಿಟ್ ಹತ್ತಿಯಲ್ಲಿ ಒರೆಸಿಯೂ ಆಗಿತ್ತು.
ಅಜ್ಜಿ ಕೆಮ್ಮಿ ಎದ್ದು, "ನಂಗೆ ಸಕ್ರೆ ಕಾಯ್ಲೆ ಇಲ್ಲವ್ವ" ಅಂದಳು.
ಅಷ್ಟೇ. ಒಂದು ಕೆಮ್ಮು.
ಮುಬೀನಾಳ ಕೈಯಿಂದ ಸಿರಿಂಜು ತೆಗೆದುಕೊಂಡೆ.
ಬೈಯಲಿಲ್ಲ. ಹಿಂದಿನ ರಾತ್ರಿಯೂ ನಿಂತೇ ಇದ್ದವಳು.
ಆ ಹಗಲೂ.

ಪಾಳಿ ಮುಗಿದ ಮೇಲೆ ಶಶಿರೇಖಾ ಸಿಸ್ಟರ್ ಮಂಡಕ್ಕಿ ಪೊಟ್ಟಣ ಬಿಚ್ಚಿ:
"ಸಾಯೇಬ್ರ ಮುಂದೆ ಹೋಗಿ ಅಳಬ್ಯಾಡ,
ಕಣ್ಣೀರಿಗೆ ಇನ್‌ವರ್ಡ್ ನಂಬರ್ ಕೊಡಲ್ಲ.
ಬರಿ. ಗಂಟೆ ಬರಿ, ಹಾಸಿಗೆ ಬರಿ, ಎಷ್ಟು ಜನ ಇದ್ರಿ ಬರಿ.
ರೋಗಿ ಹೆಸರು ಬ್ಯಾಡ. ಆ ಹುಡುಗೀದೂ ಬ್ಯಾಡ.
ಎರಡು ಪ್ರತಿ ಮಾಡು, ಅವ್ರಿಗೊಂದು, ನಿಂಗೊಂದು.
ನಿನ್ನ ಪ್ರತಿ ಮ್ಯಾಲೆ ಸೀಲು ಬೀಳೋ ತನಕ ಕೌಂಟರ್ ಬಿಡಬ್ಯಾಡ."
ಮೂವತ್ತೊಂದು ವರ್ಷದ ಸರ್ವೀಸು.
"ನೀವು ಬರೆದಿದ್ರಾ?" ಅಂದೆ.
ಮಂಡಕ್ಕಿಯೊಳಗೆ ಕಡಲೆ ಹುಡುಕತೊಡಗಿದರು.

ಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಹಾಳೆ ಇಟ್ಟು ಕೂತೆ.
ಇವರಿಗೆ: ಗೊತ್ತಿತ್ತು.
ಇವರಿಂದ: ಟಿ. ಪುಷ್ಪಾವತಿ, ಶುಶ್ರೂಷಾಧಿಕಾರಿ.
ವಿಷಯ: ರಾತ್ರಿ ಪಾಳಿಯ ಸಿಬ್ಬಂದಿ ಕೊರತೆಯಿಂದ
ರೋಗಿಗಳ ಸುರಕ್ಷತೆಗೆ ಒದಗಿರುವ ಅಪಾಯದ ಕುರಿತು.
ಉಲ್ಲೇಖ:
ಅಲ್ಲಿ ಪೆನ್ನು ನಿಂತಿತು. ಏನನ್ನು ಉಲ್ಲೇಖಿಸಲಿ,
ಒಂದು ಕೆಮ್ಮನ್ನೇ?
"ಇಲ್ಲ" ಎಂದು ಬರೆದು ಮುಂದೆ ಹೋದೆ.

ಮೊದಲ ಕರಡಿನಲ್ಲಿ "ದಯವಿಟ್ಟು" ಏಳು ಸಲ ಇತ್ತು. ಐದು ಹೊಡೆದೆ.
"ನಮ್ಮ ಕಾಲು ಕಾಲಲ್ಲ ಸ್ವಾಮಿ", ಹೊಡೆದೆ.
"ಉಚ್ಚೆಗೂ ಹೋಗಿಲ್ಲ", ಹೊಡೆದವಳು ಮತ್ತೆ ಬರೆದೆ:
"ಹನ್ನೆರಡು ಗಂಟೆಯ ಪಾಳಿಯಲ್ಲಿ ಶೌಚಾಲಯಕ್ಕೆ ಬಿಡುವಿರುವುದಿಲ್ಲ."
ಅದಕ್ಕೊಂದು ಇಸ್ತ್ರಿ ಮಾಡಿದ ಸೀರೆ ಉಡಿಸಿದಂತಾಯಿತು.
ಉಳಿದದ್ದು ಅಂಕಿ. ಓದಿದರೆ
ಯಾವುದೋ ರೇಷನ್ ಅಂಗಡಿಯ ಲೆಕ್ಕ.

ಹದಿನೇಳನೇ ಹಾಸಿಗೆಯ ಕನ್ನಡ ಮೇಷ್ಟ್ರು, ಸೊಂಟ ಮುರಿದವರು,
ನನ್ನ ಹೆಸರುಪಟ್ಟಿ ಓದಿ ಒಮ್ಮೆ ಹೇಳಿದ್ದರು:
"ಶುಶ್ರೂಷೆ ಅಂದ್ರೆ ಮೂಲದಲ್ಲಿ ಆರೈಕೆ ಅಲ್ಲಮ್ಮ,
ಕೇಳಬೇಕು ಅನ್ನೋ ಆಸೆ."
ಹೌದಾ ಸಾರ್, ಅಂದು ಬೆಡ್‌ಪ್ಯಾನ್ ತೆಗೆದಿದ್ದೆ.
ಕೌಂಟರಿನ ಮುಂದೆ ಅದು ನೆನಪಾಯಿತು.
ಕೇಳುವ ಆಸೆ ಈ ಕಟ್ಟಡದಲ್ಲಿ ಯಾರ ಹುದ್ದೆ?

ಗುಮಾಸ್ತ ತಿಪ್ಪೇರುದ್ರಪ್ಪ: "ಇಟ್ಟು ಹೋಗಿ, ನೋಡ್ತಾರೆ."
"ಸೀಲು ಹಾಕಿ ಕೊಡಿ."
"ನಮ್ಮ ನಮ್ಮೊಳಗೆ ಸೀಲು ಯಾಕ್ರೀ?"
ನಿಂತೆ. ನಿಲ್ಲುವುದೊಂದು ನನಗೆ ಚೆನ್ನಾಗಿ ಬರುತ್ತದೆ.
ಇಪ್ಪತ್ತು ನಿಮಿಷಕ್ಕೆ ವಹಿ ಎಳೆದರು.
ಇಂಕಿನ ಪ್ಯಾಡು ಒಣಗಿತ್ತು, ನೀರು ಚಿಮುಕಿಸಿ ಒತ್ತಿದರು,
ನೇರಳೆ ವೃತ್ತ, ತಾರೀಖು ಅರ್ಧ ಕಾಣದು.
ಪೆನ್ನಿನಲ್ಲಿ ತಿದ್ದಿಸಿದೆ. ಸಂಖ್ಯೆ ಕೇಳಿ ಬರೆಸಿಕೊಂಡೆ.
ಆರುನೂರ ಹದಿನಾಲ್ಕು.

ಹದಿನೈದು ದಿನ ಆಯಿತು. ಉತ್ತರ ಇಲ್ಲ.
ಮುಂದಿನ ತಿಂಗಳ ಪಟ್ಟಿಯಲ್ಲಿ ನನಗೆ ಪೂರಾ ರಾತ್ರಿ.
ಮುಬೀನಾ ಪರೀಕ್ಷೆಗೆ ಹೋದಳು, ಬದಲಿಗೆ ಯಾರೂ ಬಂದಿಲ್ಲ.
ಡ್ಯೂಟಿ ಮೇಜಿನ ಮೇಲೆ ಮತ್ತೊಂದು ಹಾಳೆ.
ಇವರಿಗೆ. ಇವರಿಂದ. ವಿಷಯ ಅದೇ.
ಉಲ್ಲೇಖ: ನನ್ನ ಪತ್ರ, ಸಂಖ್ಯೆ ೬೧೪.
ಕೆಳಗೆ ಇನ್ನೊಂದು ಸಹಿಗೆ ಜಾಗ ಬಿಟ್ಟಿದ್ದೇನೆ.
ಶಶಿರೇಖಾ ಸಿಸ್ಟರ್
ಕನ್ನಡಕ ಹುಡುಕುತ್ತಿದ್ದಾರೆ.