ಜೇಬು

ಹನ್ನೊಂದು ವರ್ಷ ನಾನು ಜೇಬು ಹೊಲಿದೆ
ಪೀಣ್ಯದಲ್ಲಿ, ನಾಲ್ಕನೇ ಲೈನಿನಲ್ಲಿ, ಕಿಟಕಿಯಿಂದ ಮೂರನೇ ಮಿಷಿನ್.
ಕಾಲರು ಸಿದ್ದಗಂಗಮ್ಮನದು, ಕಫ್ಫು ಶಾಹೀದಾಳದು,
ಗುಂಡಿ ಯಾರದೋ, ಇಸ್ತ್ರಿ ಯಾರದೋ.
ಗಂಟೆಗೆ ಎಂಬತ್ತು,
ಕಂಡರಿಯದ ಗಂಡಸರ ಎಡ ಎದೆಯ ಮೇಲೆ ಕೂರುವಂಥವು.
ಒಂದು ಇಡೀ ಅಂಗಿ ನಾನು ಹೊಲಿದವಳಲ್ಲ.
ನನ್ನ ಬಟ್ಟೆಗೂ ಜೇಬಿಲ್ಲ.

ಗೇಟಿಗೆ ಬೀಗ ಬಿದ್ದ ಮೇಲೆ ಚೀಟಿ ಕೂಗಿದೆ,
ಬಿಟ್ಟುಕೊಟ್ಟದ್ದು ಕಳೆದು ಏಳು ಸಾವಿರದ ಎಂಟುನೂರು.
ಕರ್ಚೀಫಿನಲ್ಲಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿ
ಕಬ್ಬನ್‌ಪೇಟೆಗೆ ಬಂದೆ.

ಮೊದಲನೇ ಅಂಗಡಿಗೆ ಗಾಜಿನ ಬಾಗಿಲು.
ಬೆಳ್ಳಗಿನ ಮಿಷಿನ್, ಹಾಲಿನ ಡೇರಿಯಿಂದ ಈಗಷ್ಟೇ ಬಂದ ಹಾಗೆ.
‘ಅರವತ್ತು ಥರ ಹೂ ಹಾಕತ್ತೆ ಮೇಡಂ,
ತಿಂಗಳಿಗೆ ಬರೀ ಸಾವಿರದ ಆರುನೂರು ಕಟ್ಟಿ ಸಾಕು.
ಸಂಬಳದ ಸ್ಲಿಪ್ ಇದೆಯಾ?’
ಇದೆ. ಕೊಟ್ಟವರು ಇಲ್ಲ.

ಎರಡನೇದರಲ್ಲಿ ನನ್ನದೇ ಮಿಷಿನ್ ಸಿಕ್ಕಿತು.
ಅದೇ ಬೂದು ಬಣ್ಣ, ಅದೇ ಮಂಡಿಯ ಲಿವರು.
ಬೆಲೆ ಇಪ್ಪತ್ತೆರಡು. ಕೂತು ನೋಡಿ, ದುಡ್ಡೇನಿಲ್ಲ ಅಂದ.
ಕೂತೆ. ಭುಜ ತಾನೇ ಕಿವಿಯ ಹತ್ತಿರಕ್ಕೆ ಏರಿತು.
ಬೆನ್ನ ಹಿಂದೆ ಯಾರೋ ಬಂದು ನಿಂತರು,
ತಿರುಗಿದರೆ ಬರೀ ಫ್ಯಾನು.
ಎದ್ದೆ. ಬಿಟ್ಟಿ ಕೊಟ್ಟರೂ ಬೇಡ.

ಆಟೋ ನುಗ್ಗದ ಸಂದಿಯಲ್ಲಿ ದಸ್ತಗೀರ್ ಸಾಬರ ಅಂಗಡಿ.
ಮಾಲು ಹೊಸದೇ, ಕರಿ ಮಿಷಿನ್, ಬೆನ್ನ ಮೇಲೆ ಚಿನ್ನದ ಬಳ್ಳಿ.
ಮಾತಿಲ್ಲ. ಒಂದು ತುಂಡು ಬಟ್ಟೆ ಎಸೆದರು.
ಚಕ್ರ ತಿರುವಿದೆ, ಕಿವಿ ಕೊಟ್ಟೆ.
ಕಚಕಚ ಅನ್ನಲಿಲ್ಲ, ಗೊಣಗಲಿಲ್ಲ,
ಎಣ್ಣೆಯಲ್ಲಿ ಸಾಸಿವೆ ಮೆಲ್ಲಗೆ ಸಿಡಿದ ಹಾಗೆ ಒಂದೇ ಸದ್ದು.
ಸದ್ದಿನ ಮೇಲೆ ಗಮನ ಇಟ್ಟವಳು ಕೈ ನೋಡಿಕೊಳ್ಳಲಿಲ್ಲ.
ಕೈ ತನ್ನ ಪಾಡಿಗೆ ಅಂಚು ಮಡಚಿತ್ತು,
ಮೂಲೆ ತಿರುಗಿತ್ತು,
ಬಾಯಿ ಹತ್ತಿರ ಎರಡು ಸಲ ಹಿಂದೆ ಹೋಗಿ ಬಂದು ಬಿಗಿದಿತ್ತು.

ಸಾಬರು ಎತ್ತಿ, ಒಳಗೆ ಎರಡು ಬೆರಳು ಇಳಿಬಿಟ್ಟರು.
‘ಜೇಬಿನೋರಾ?’
ಹೂಂ.
‘ಅಂಗಿ?’
ಇನ್ನು ಕಲೀಬೇಕು.

ತಲೆ ಆರೂವರೆ, ಸ್ಟ್ಯಾಂಡು ಎರಡೂಕಾಲು,
ಮೋಟರಿನ ಮಾತು ಇಬ್ಬರೂ ಎತ್ತಲಿಲ್ಲ.
ಗಂಟು ಬಿಚ್ಚಿ ಎಣಿಸಿದೆ.
ಮತ್ತೆ ಎಣಿಸಿದೆ, ಎರಡನೇ ಸಲಕ್ಕೆ ಹೆಚ್ಚಾಗುತ್ತೇನೋ ಅಂತ.
ಏನೂ ಕೇಳದೆ ಸುಮ್ಮನೆ ನಿಂತೆ.
ನಿಂತಿದ್ದಕ್ಕೆ ಇನ್ನೂರು ಇಳಿಯಿತು.
ಇನ್ನೂ ನಿಂತೆ, ಮೂರು ಬಾಬಿನ್ ಬಂತು,
ಕೈಯಲ್ಲಿ ತಿರುಗಿಸೋ ಹಿಡಿ ಒಂದು, ಹಳೇದು, ತುಕ್ಕು ಉಜ್ಜಿದ್ದು.
‘ತಲೆ ಇವತ್ತು ಹೋಗಲಿ ಅಮ್ಮ,
ಕಾಲು ಯುಗಾದಿಗೆ ಬಂದು ತಗೊಳ್ಳಿ.’

ಲಗ್ಗೆರೆಗೆ ಆಟೋದವನು ಮುನ್ನೂರೈವತ್ತು ಅಂದ,
ಮಳೆ ಬಂದಿಲ್ಲ, ರಾತ್ರಿಯೂ ಅಲ್ಲ.
ಮಾರ್ಕೆಟ್ಟಿನಲ್ಲಿ ಬಸ್ಸು ಹತ್ತಿದೆ.
ಗೋಣಿಚೀಲ ತೊಡೆಯ ಮೇಲೆ.
ಮಗುವಿನ ಹಾಗೆ ಅನ್ನಲಾರೆ,
ಹನ್ನೆರಡು ಕೇಜಿ ಕಬ್ಬಿಣ, ತೊಡೆ ಜೋಮು ಹಿಡಿಯಿತು.

ಕಂಡಕ್ಟರು ನನ್ನ ಆಧಾರ್ ನೋಡಿ ಸೊನ್ನೆಯ ಚೀಟಿ ಹರಿದ.
ಆಮೇಲೆ ಗೋಣಿಯ ಕಡೆ ಗದ್ದ ತೋರಿಸಿದ.
‘ಹೆಂಗಸರಿಗೆ ಫ್ರೀ ಕಣಮ್ಮ, ಕಬ್ಬಿಣಕ್ಕಲ್ಲ.’
ಅರ್ಧ ಮಾಡಿ ಅಣ್ಣ, ಇದಕ್ಕಿನ್ನೂ ಕಾಲಿಲ್ಲ, ಅಂದೆ.
ಹಿಂದಿನ ಸೀಟು ನಕ್ಕಿತು, ಅವನೂ ನಕ್ಕ,
ಪೂರ್ತಿ ಟಿಕೆಟ್ಟೇ ಹರಿದ.
ಇಪ್ಪತ್ತು ರೂಪಾಯಿ.

ಇಳಿಯೋವರೆಗೂ ಜೋಪಾನ, ಚೆಕಿಂಗ್ ಇದೆ ಅಂದ.
ಎಲ್ಲಿಡಲಿ? ಕರ್ಚೀಫು ಬಿಚ್ಚಿ ಬೆವರು ಒರೆಸಿ ಆಗಿತ್ತು.
ಗೋಣಿಯೊಳಗೆ ಕೈ ಬಿಟ್ಟು, ತಡವಿ,
ಸೂಜಿಯ ಪಕ್ಕದ ಪುಟ್ಟ ಪಾದ ಎತ್ತಿದೆ,
ಟಿಕೆಟ್ಟನ್ನು ಅಡಿಗೆ ಸರಿಸಿ ಇಳಿಸಿದೆ.

ನವರಂಗ್ ಸಿಗ್ನಲ್ಲಿನಲ್ಲಿ ಡ್ರೈವರು ಗಕ್ಕನೆ ಬ್ರೇಕ್ ಹಾಕಿದ,
ಬಸ್ಸಿಗೆ ಬಸ್ಸೇ ಮುಗ್ಗರಿಸಿತು.
ಕೈ ಬಿಟ್ಟು ನೋಡಿದೆ.
ಇಟ್ಟಲ್ಲೇ ಇತ್ತು.