ದಕ್ಕೆ

ಅಂಗಡಿಯ ಹುಡುಗ ಹೇಳಿದ್ದು ಒಂದೇ ವಯರು ಅಂತ.
"ಒಂದು ಚುಚ್ಚಿದರೆ ಆಯಿತು ಅಕ್ಕ,
ಮಾನಿಟರು, ಕೀಬೋರ್ಡು, ಮೌಸು, ನೆಟ್ಟು
ಎಲ್ಲ ಬಂದು ನಿಮ್ಮ ಕಾಲಿಗೆ ಬೀಳುತ್ತವೆ."
ಹಂಪನಕಟ್ಟೆಯಿಂದ ಬಂದರಿಗೆ ನಡೆದೆ,
ಡಬ್ಬ ಮಡಿಲಲ್ಲಿಟ್ಟು
ಬೆಂಗ್ರೆಯ ಫೆರಿಯಲ್ಲಿ ಹೊಳೆ ದಾಟಿದೆ.
ಅಂಗೈಯಗಲದ ಬೂದು ಪೆಟ್ಟಿಗೆ,
ಏಳು ಸಾವಿರದ ನಾನೂರು.
ಬಿಲ್ಲಿನಲ್ಲಿ ಅದರ ಹೆಸರು ಡಾಕಿಂಗ್ ಸ್ಟೇಷನ್.

"ಎಂತ ಅದು?"
ಜೂನ್ ಒಂದಕ್ಕೆ ಬೋಟು ಕಟ್ಟಿ ಅಪ್ಪ ಮನೆಯಲ್ಲೇ ಇದ್ದಾರೆ,
ಅಲುಗದ ನೆಲದಲ್ಲಿ ನಿದ್ದೆ ಹತ್ತದ ತಂಡೇಲ.
"ಲ್ಯಾಪ್‌ಟಾಪು ಬಂದು ನಿಲ್ಲುವ ಜಾಗ" ಎಂದೆ.
"ಹಾಗಾದರೆ ದಕ್ಕೆ."
ಆಮೇಲೆ ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ.

ನನ್ನದು ಆಟದ ಲ್ಯಾಪ್‌ಟಾಪು.
ಹಗಲು ಕದ್ರಿಯ ಆಫೀಸಿನಲ್ಲಿ
ಇನ್ನೂ ಕಟ್ಟದ ಫ್ಲ್ಯಾಟುಗಳಿಗೆ ಅದು ಸಂಜೆಯ ಬಿಸಿಲು ಹಾಕುತ್ತದೆ,
ಯಾರೂ ನೆಡದ ಗಿಡವನ್ನು ಬಾಲ್ಕನಿಯಲ್ಲಿ ಇಡುತ್ತದೆ.
ರಾತ್ರಿ ಅದರೊಳಗೆ ಹೊಕ್ಕು ನಾನು ಕೋಟೆ ಒಡೆಯುತ್ತೇನೆ.
ಎರಡೂವರೆ ಕಿಲೋ. ಚಾರ್ಜರು ಬೇರೆ,
ಕೆಂಪುಕಲ್ಲಿನ ತುಂಡಿನ ಹಾಗೆ.
ಹದಿನೈದು ಇಂಚಿನ ಪರದೆಗೆ ಬಾಗಿ ಬಾಗಿ
ಕುತ್ತಿಗೆ ಸೀಗಡಿಯಾಗಿತ್ತು.

ಮೊದಲ ರಾತ್ರಿ ಎಡದ ಕಿಂಡಿಗೆ ಚುಚ್ಚಿದೆ. ಮಾನಿಟರು ಕಪ್ಪು.
ಬಲದಲ್ಲಿ, ಮಿಂಚಿನ ಗುರುತಿರುವಲ್ಲಿ, ಬಂತು.
ಬಂತು, ಆದರೆ ಸೆಕೆಂಡಿಗೆ ನೂರ ನಲವತ್ತನಾಲ್ಕು ಸಲ ರೆಪ್ಪೆ ಬಡಿಯುವ ಪರದೆ
ಅರುವತ್ತಕ್ಕೆ ಇಳಿದು ಕುಂಟಿತು.
ಫ್ಯಾನು ಕೆಮ್ಮುತ್ತ ಎದ್ದಿತು, ಮುಂಜಾವದ ಎಂಜಿನ್ನಿನ ಹಾಗೆ.
ಮೂಲೆಯಲ್ಲಿ ಬ್ಯಾಟರಿ:
ಕರೆಂಟು ಒಳಗೆ ಹೋಗುತ್ತಲೇ ಇದೆ, ಚಾರ್ಜು ಇಳಿಯುತ್ತಲೇ ಇದೆ,
ಎಂಬತ್ತು, ಎಪ್ಪತ್ತೊಂದು, ಐವತ್ತೆಂಟು.
"ಇದು ಕೇಳುವುದು ಇನ್ನೂರ ಮೂವತ್ತು ವ್ಯಾಟು,
ಪೆಟ್ಟಿಗೆ ಕೊಡುವುದು ಅರುವತ್ತೈದು"
ಎಂದು ಗೊಣಗಿದ್ದು ಅಪ್ಪನಿಗೆ ಕೇಳಿಸಿತು.
"ದೋಣಿಯ ಡೀಸಲಿನಲ್ಲಿ ಟ್ರಾಲ್ ಬೋಟು ಓಡುವುದುಂಟಾ?
ಅಡಿಯಲ್ಲಿ ತೂತಿದ್ದರೆ, ಎಷ್ಟು ಮೊಗೆದರೂ..."
ಮಾತು ಮುಗಿಸದೆ ಕುರ್ಚಿ ಎಳೆದು ಕೂತರು.

"ಒಂದು ಹಗ್ಗಕ್ಕೆ ಯಾವ ಬೋಟೂ ನಿಲ್ಲುವುದಿಲ್ಲ ಮಗಾ.
ಮೂತಿಗೊಂದು, ಹಿಂದಕ್ಕೊಂದು,
ನಡುವೆ ಅಡ್ಡಕ್ಕೆ ಇನ್ನೊಂದು.
ಒಂದೇ ಸಾಕೆಂದವನು ಗಾಳಿ ನೋಡಿಲ್ಲ."

ಕೆಂಪುಕಲ್ಲು ನೇರ ಬೆನ್ನಿಗೆ.
ಮಾನಿಟರು ನೇರ ಪಕ್ಕೆಗೆ.
ಕೀಬೋರ್ಡು, ಮೌಸು, ಹೆಡ್‌ಫೋನು, ನೆಟ್ಟಿನ ಹಳದಿ ವಯರು,
ಈ ಸಣ್ಣಪುಟ್ಟ ದೋಣಿಗಳೆಲ್ಲ ದಕ್ಕೆಗೆ.
ಪರದೆ ಎಣ್ಣೆ ಹಾಕಿದ ಹಾಗೆ ಹರಿಯಿತು.
ಬ್ಯಾಟರಿ ನೂರಕ್ಕೆ ಹೋಗಿ ಕೂತಿತು.
ಒಂದು ಗಂಟೆಗೆ ನೀರು ಕುಡಿಯಲು ಎದ್ದ ತಮ್ಮ ಕೇಳಿದ:
"ಕೋಟೆ ಬಿತ್ತಾ?"
ಬೀಳಲಿಲ್ಲ. ಕತ್ತು ನೋಯಲಿಲ್ಲ, ಅಷ್ಟೇ.

ಬೆಳಿಗ್ಗೆ ನೋಡಿದರೆ ಮೇಜಿನ ಕೆಳಗೆ
ಬಲೆ ಹೊಲಿಯುವ ನೀಲಿ ನೂಲಿನಲ್ಲಿ ವಯರೆಲ್ಲ ಸೇರಿಸಿ ಕಟ್ಟಿದ ಕಟ್ಟು,
ನಿದ್ದೆ ಬಾರದ ಕೈಗಳ ಕೆಲಸ.
ಎಂಟು ಇಪ್ಪತ್ತಕ್ಕೆ ಫೆರಿ. ಗಂಟು ಬಿಚ್ಚಲು ಬರುವುದಿಲ್ಲ.
ಉಗುರು ಮುರಿಯಿತು. ಕತ್ತರಿ ಎಲ್ಲಿ ಎಂದು ಕೂಗಿದೆ.
ಚಹಾದ ಲೋಟ ಕೈಯಲ್ಲಿ ಹಿಡಿದೇ ಬಂದರು,
ಬಗ್ಗಲಿಲ್ಲ, ಬೈಯಲಿಲ್ಲ,
ಕಾಲಿನ ಹೆಬ್ಬೆರಳ ಸಂದಿನಲ್ಲಿ
ನೂಲಿನ ಒಂದು ತುದಿ ಹಿಡಿದು ಎಳೆದರು.
ಇಡೀ ಕಟ್ಟು ಸಡಿಲಾಗಿ ನೆಲಕ್ಕೆ ಬಿತ್ತು.

ಹುಡುಗ ಹೇಳಿದ ಆ ಒಂದೇ ವಯರು
ನೀಲಿಯದು. ಬಿಲ್ಲಿನಲ್ಲಿ ಇರಲಿಲ್ಲ.

ಆಗಸ್ಟ್ ಒಂದಕ್ಕೆ ಇನ್ನು ಹತ್ತೊಂಬತ್ತು ದಿನ.
ಅಷ್ಟರೊಳಗೆ ಆ ಗಂಟು ಕಲಿಯಬೇಕು.